ರಥಬೀದಿಯ ಎಂಟು

2046ರ ಜನವರಿ 18ಕ್ಕೆ ಉಡುಪಿಯಲ್ಲಿ ಯಾವ ಮಠದ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ, ಶುರುವಾಗುತ್ತದೆ?

ಅಕ್ಕನ ಮಗಳು ಈ ಪ್ರಶ್ನೆ ಕೇಳಿದಾಗ ನಾವಿಬ್ಬರೂ ರಥಬೀದಿಯಲ್ಲಿ ಸುಮ್ನೆ ಒಂದು ಸುತ್ತು ಬರುತ್ತಿದ್ದೆವು. ಅವಳು ಎಂಟನೇ ತರಗತಿ. ನಾನು 2046ರಿಂದ 1522 ಕಳೆದೆ, 524 ಬಂತು. ಅದರ ಅರ್ಧ 262. ಅದನ್ನು ಎಂಟರಿಂದ ಭಾಗಿಸಿದೆ, ಶೇಷ 6. “ಕಾಣಿಯೂರು” ಎಂದೆ.

“ಚಿಕ್ಕಮ್ಮ, ಅಷ್ಟು ಬೇಗ ಹೇಗೆ ಗೊತ್ತಾಯಿತು?”

ಎಂಟು ಎನ್ನುವ ಅಂಕೆ ಹೇಳಿಕೊಟ್ಟಿತು. ಆ ದಿನ ಅವಳಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಉಡುಪಿಯ ಕೃಷ್ಣನನ್ನು ಪ್ರತಿಷ್ಠೆ ಮಾಡಿದವರು ಮಧ್ವಾಚಾರ್ಯರು, 13ನೇ ಶತಮಾನದಲ್ಲಿ. ಅವರ ಎಂಟು ಶಿಷ್ಯರಿಂದ ಎಂಟು ಮಠಗಳಾದವು. ಪರ್ಯಾಯ ಬರುವ ಸಾಲಿನಲ್ಲಿ ಹೇಳಿದರೆ ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಕೃಷ್ಣನ ಪೂಜೆಯ ಹೊಣೆ ಈ ಎಂಟು ಮಠಗಳಲ್ಲಿ ಸರದಿಯಂತೆ ಸುತ್ತುತ್ತದೆ. ಮೊದಲು ಒಂದೊಂದು ಮಠಕ್ಕೆ ಎರಡು ತಿಂಗಳ ಸರದಿ ಇತ್ತು. ಸೋದೆ ಮಠದ ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು. ಆ ಹೊಸ ಕ್ರಮ 1522ರಲ್ಲಿ ಪಲಿಮಾರು ಮಠದಿಂದ ಶುರುವಾಯಿತು.

ಎಂಟು ಮಠ, ತಲಾ ಎರಡು ವರ್ಷ. ಹದಿನಾರು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಹಾಗಾಗಿ ಯಾವುದೇ ಸಮ ಇಸವಿಯಿಂದ 1522 ಕಳೆದು, ಅರ್ಧ ಮಾಡಿ, ಎಂಟರಿಂದ ಭಾಗಿಸಿ ಶೇಷ ನೋಡಿದರೆ ಸಾಕು. ಶೇಷ 0 ಬಂದರೆ ಪಲಿಮಾರು, 1 ಬಂದರೆ ಅದಮಾರು, ಹೀಗೇ ಎಣಿಸಿಕೊಂಡು ಹೋದರೆ 7 ಬಂದಾಗ ಪೇಜಾವರ. 2024ಕ್ಕೆ ಹಾಕಿ ನೋಡಿ. 502ರ ಅರ್ಧ 251, ಎಂಟರಿಂದ ಭಾಗಿಸಿದರೆ ಶೇಷ 3. ಅಂದರೆ ಪುತ್ತಿಗೆ. ಸರಿಯಾಗಿದೆ ಅಲ್ವಾ? ಪೇಜಾವರದ ವಿಶ್ವೇಶತೀರ್ಥ ಶ್ರೀಪಾದರು ಐದು ಪರ್ಯಾಯ ನಡೆಸಿದವರು. 1952, 1968, 1984, 2000, 2016. ಈ ಐದೂ ಇಸವಿಗಳಿಗೆ ಲೆಕ್ಕ ಮಾಡಿ, ಪ್ರತಿ ಸಲವೂ ಶೇಷ ಏಳೇ ಬರುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. 2018ರಲ್ಲಿ ಪಲಿಮಾರು ಪರ್ಯಾಯದೊಂದಿಗೆ 32ನೇ ಸುತ್ತು ಶುರುವಾಯಿತು. ಅಂದರೆ ಅಷ್ಟು ಹೊತ್ತಿಗೆ 31 ಸುತ್ತು ಪೂರ್ತಿಯಾಗಿ 496 ವರ್ಷ ಕಳೆದಿತ್ತು. 496 ಸಾಮಾನ್ಯ ಸಂಖ್ಯೆ ಅಲ್ಲ. ಅದನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ, 1, 2, 4, 8, 16, 31, 62, 124, 248, ಮೊತ್ತ ಮತ್ತೆ 496. ಇಂಥವನ್ನು ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6, 28 ಆದ ಮೇಲೆ ಸಿಗುವುದು ಇದೇ.

ಎಂಟರ ಗುಣ ಒಂದೇ ಮಾತಿನಲ್ಲಿ ಹೇಳಬೇಕಾದರೆ, ಅದನ್ನು ಮೂರು ಸಲ ಅರ್ಧ ಮಾಡಬಹುದು. ಎಂಟರ ಅರ್ಧ ನಾಲ್ಕು, ನಾಲ್ಕರ ಅರ್ಧ ಎರಡು, ಎರಡರ ಅರ್ಧ ಒಂದು. ಬೇಸಿಗೆಯಲ್ಲಿ ಮನೆಗೆ ಕಲ್ಲಂಗಡಿ ತರುತ್ತೇವಲ್ಲ, ನಮ್ಮ ಕಡೆ ಬಚ್ಚಂಗಾಯಿ ಎನ್ನುವುದು, ಅದನ್ನು ಹೇಗೆ ಕೊಯ್ಯುತ್ತೀರಿ? ಮೊದಲು ಎರಡು ಹೋಳು. ಮತ್ತೆ ಒಂದೊಂದನ್ನೂ ಅರ್ಧ. ಮತ್ತೊಮ್ಮೆ ಅರ್ಧ. ಎಂಟು ಪಾಲು ಆಯಿತು. ಅಳತೆ ಪಟ್ಟಿ ಬೇಡ, ಕಣ್ಣಂದಾಜು ಸಾಕು, ಮಕ್ಕಳ ಜಗಳ ಇಲ್ಲ. ಐದು ಪಾಲು ಮಾಡಲು ಹೋಗಿ ನೋಡಿ, ಒಬ್ಬರಿಗಾದರೂ ಜಾಸ್ತಿ ಹೋಗುತ್ತದೆ.

ಹಿಂದಿನವರ ಲೆಕ್ಕವೆಲ್ಲ ಹೀಗೆ ಅರ್ಧ ಅರ್ಧ ಮಾಡುವುದರ ಮೇಲೆ ನಿಂತಿತ್ತು. ಅರೆ ಎಂದರೆ ಎರಡರಲ್ಲೊಂದು. ಕಾಲು ಎಂದರೆ ನಾಲ್ಕರಲ್ಲೊಂದು. ಅರೆಕಾಲು ಎಂದರೆ ಎಂಟರಲ್ಲೊಂದು. ಅದರ ಅರ್ಧ ವೀಸ, ಹದಿನಾರರಲ್ಲೊಂದು. ಒಂದು ರೂಪಾಯಿಗೆ ಹದಿನಾರು ಆಣೆ ಇದ್ದದ್ದೂ ಇದೇ ಜಾಡಿನಲ್ಲಿ. 1957ರಲ್ಲಿ ದಶಮಾಂಶ ನಾಣ್ಯ ಬಂದ ಮೇಲೆ ರೂಪಾಯಿಗೆ ನೂರು ಪೈಸೆಯಾಯಿತು. ಎಂಟಾಣೆ 50 ಪೈಸೆಯಾಗಿ, ನಾಲ್ಕಾಣೆ 25 ಪೈಸೆಯಾಗಿ ಉಳಿದುಕೊಂಡವು. ಎರಡಾಣೆಗೆ ಮಾತ್ರ ಹನ್ನೆರಡೂವರೆ ಪೈಸೆ ಬೇಕಿತ್ತು, ಅಂಥ ನಾಣ್ಯ ಇಲ್ಲ. ಯಾಕೆಂದರೆ ನೂರನ್ನು ಎರಡೇ ಸಲ ಸರಿಯಾಗಿ ಅರ್ಧ ಮಾಡಬಹುದು. ಹದಿನಾರನ್ನು ನಾಲ್ಕು ಸಲ ಮಾಡಬಹುದು. ಆದರೂ “ಹದಿನಾರಾಣೆ ಸತ್ಯ” ಎನ್ನುವ ಮಾತು ಉಳಿದಿದೆ. ಎಂಟಾಣೆ ಸತ್ಯ ಎಂದರೆ ಅರ್ಧ ಸತ್ಯ.

ಅಷ್ಟಮಠಗಳಲ್ಲೂ ಈ ಎರಡರ ಕಟ್ಟು ಇದೆ. ಅವುಗಳಲ್ಲಿ ಜೋಡಿ ಮಠಗಳಿವೆ, ದ್ವಂದ್ವ ಮಠ ಎನ್ನುತ್ತಾರೆ. ಪಲಿಮಾರಿಗೆ ಅದಮಾರು, ಕೃಷ್ಣಾಪುರಕ್ಕೆ ಪುತ್ತಿಗೆ, ಶೀರೂರಿಗೆ ಸೋದೆ, ಕಾಣಿಯೂರಿಗೆ ಪೇಜಾವರ. ಪರ್ಯಾಯದ ಸಾಲನ್ನು ಮತ್ತೊಮ್ಮೆ ನೋಡಿ. ಜೋಡಿಗಳು ಅಕ್ಕಪಕ್ಕದಲ್ಲೇ ಬರುತ್ತವೆ.

ಈಗ ಅಷ್ಟಮಿಗೆ ಬರೋಣ. ನಮ್ಮ ಊರಿನಲ್ಲಿ ಬರೀ ಅಷ್ಟಮಿ ಎಂದರೆ ಕೃಷ್ಣಾಷ್ಟಮಿಯೇ. ಮನೆಮನೆಯಲ್ಲಿ ಚಕ್ಕುಲಿ, ಉಂಡೆ. ರಾತ್ರಿ ಚಂದ್ರೋದಯದ ಹೊತ್ತಿಗೆ ಅರ್ಘ್ಯ. ಮಾರನೇ ದಿನ ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆಯುವ ವಿಟ್ಲಪಿಂಡಿ ಉತ್ಸವ. ಕೃಷ್ಣ ದೇವಕಿಯ ಎಂಟನೇ ಮಗು, ಹುಟ್ಟಿದ್ದು ಎಂಟನೇ ತಿಥಿಯಲ್ಲಿ, ನಡುರಾತ್ರಿ. ಕತೆ ಎಲ್ಲರಿಗೂ ಗೊತ್ತು. ಆದರೆ ಎಂಟನೇ ತಿಥಿಯ ಚಂದ್ರ ನಡುರಾತ್ರಿಯ ಹೊತ್ತಿಗೇ ಯಾಕೆ ಹುಟ್ಟುತ್ತಾನೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ?

ಒಂದು ಪಕ್ಷಕ್ಕೆ ಹದಿನೈದು ತಿಥಿ. ಹದಿನೈದರ ನಡು ಎಂಟು. ಅದರ ಹಿಂದೆ ಏಳು, ಮುಂದೆ ಏಳು. ಹಾಗಾಗಿ ಅಷ್ಟಮಿ ಎಂದರೆ ಪಕ್ಷದ ನಟ್ಟನಡು, ಅರ್ಧ ಚಂದ್ರನ ದಿನ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವಾಗ ಹುಟ್ಟುತ್ತಾನೆ. ಅಮಾವಾಸ್ಯೆಯ ಚಂದ್ರ ಸೂರ್ಯನ ಜೊತೆಗೇ ಬೆಳಿಗ್ಗೆ ಹುಟ್ಟುತ್ತಾನೆ, ನಮಗೆ ಕಾಣುವುದಿಲ್ಲ. ಈ ಎರಡರ ನಡುವಿನ ದಿನ, ಅಂದರೆ ಕೃಷ್ಣ ಪಕ್ಷದ ಅಷ್ಟಮಿಗೆ, ಚಂದ್ರ ಹುಟ್ಟುವ ಹೊತ್ತೂ ಸಂಜೆ ಮತ್ತು ಬೆಳಗಿನ ನಡುವೆ ಬೀಳುತ್ತದೆ. ಅದೇ ನಡುರಾತ್ರಿ. ಒಂದಷ್ಟು ನಿಮಿಷ ಹಿಂದೆ ಮುಂದೆ ಆಗಬಹುದು, ಅಷ್ಟೆ. ಅರ್ಘ್ಯಕ್ಕೆ ಕಾಯುತ್ತಾ ನಿದ್ದೆ ತೂಗಿದವರಿಗೆ ಈ ಲೆಕ್ಕ ಮೈಯಲ್ಲೇ ಗೊತ್ತಿರುತ್ತದೆ. ನವರಾತ್ರಿಯ ದುರ್ಗಾಷ್ಟಮಿ ಶುಕ್ಲ ಪಕ್ಷದ್ದು. ಆವತ್ತು ಇನ್ನೊಂದು ಅರ್ಧ ಚಂದ್ರ ಸಂಜೆಯೇ ಆಕಾಶದಲ್ಲಿ ಎತ್ತರಕ್ಕೆ ನಿಂತಿರುತ್ತಾನೆ.

ಎಂಟನ್ನು ಮೂರು ಸಲ ಅರ್ಧ ಮಾಡಬಹುದು ಎಂದೆ. ಅದನ್ನೇ ತಿರುಗಿಸಿ ಹೇಳಿ. ಎರಡೆರಡು ಆಯ್ಕೆ ಮೂರು ಸಲ ಸಿಕ್ಕಿದರೆ ಒಟ್ಟು ಎಂಟು ದಾರಿ. ಇದನ್ನು ನಾವೆಲ್ಲ ಗಣಿತದ ತರಗತಿಗಿಂತ ಮೊದಲು ಕನ್ನಡ ವ್ಯಾಕರಣದಲ್ಲೇ ಕಲಿತಿದ್ದೇವೆ. ಅಕ್ಷರಗಣ ನೆನಪಿದೆಯಾ? ಒಂದು ಅಕ್ಷರ ಲಘು ಅಥವಾ ಗುರು. ಮೂರು ಅಕ್ಷರ ಸೇರಿದರೆ ಒಂದು ಗಣ. ಮೊದಲ ಅಕ್ಷರಕ್ಕೆ ಎರಡು ಆಯ್ಕೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಎರಡು. ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು. ಅದಕ್ಕೇ ಗಣಗಳು ಎಂಟು. ಯ, ಮ, ತ, ರ, ಜ, ಭ, ನ, ಸ. ಒಂಬತ್ತನೇ ಗಣ ಯಾರೂ ಹುಡುಕಲಾರರು, ಏಕೆಂದರೆ ಅದು ಇಲ್ಲ.

ಈ ಎಂಟನ್ನೂ ನೆನಪಿಡಲು ಒಂದು ಸೂತ್ರ ಇದೆ. ಯಮಾತಾರಾಜಭಾನಸಲಗಂ. ಹತ್ತೇ ಅಕ್ಷರ. ಇದನ್ನು ಮಾಡಿದವರ ಜಾಣತನ ನೋಡಿ. ಯ ಇಂದ ಶುರುಮಾಡಿ ಮೂರು ಅಕ್ಷರ ತೆಗೆದುಕೊಳ್ಳಿ, ಯಮಾತಾ. ಲಘು, ಗುರು, ಗುರು. ಅದು ಯ ಗಣ. ಒಂದು ಅಕ್ಷರ ಮುಂದೆ ಜರುಗಿ, ಮಾತಾರಾ. ಮೂರೂ ಗುರು, ಮ ಗಣ. ಮತ್ತೆ ಜರುಗಿ, ತಾರಾಜ. ಗುರು, ಗುರು, ಲಘು, ತ ಗಣ. ಹೀಗೆ ಒಂದೊಂದೇ ಅಕ್ಷರ ಜರುಗುತ್ತಾ ಹೋದರೆ ಕೊನೆಗೆ ಸಲಗಂ, ಲಘು, ಲಘು, ಗುರು, ಸ ಗಣ. ಎಂಟೂ ಗಣ ಬಂದವು, ಒಂದೂ ಎರಡು ಸಲ ಬರಲಿಲ್ಲ. ಒಂದೊಂದು ಗಣಕ್ಕೆ ಮೂರು ಅಕ್ಷರದಂತೆ ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕಿತ್ತು.

ಇನ್ನೂ ಒಂದಿದೆ. ಕೊನೆಯ ಎರಡು ಅಕ್ಷರ ಲಗಂ, ಲಘು ಗುರು. ಮೊದಲ ಎರಡು ಅಕ್ಷರ ಯಮಾ, ಅದೂ ಲಘು ಗುರು. ಹಾಗಾಗಿ ಬಾಲವನ್ನು ತಲೆಯ ಮೇಲೆ ಕೂರಿಸಿಬಿಡಬಹುದು. ಆಗ ಎಂಟೇ ಅಕ್ಷರಗಳ ಒಂದು ಬಳೆ ಆಗುತ್ತದೆ. ಅದರ ಸುತ್ತ ನಡೆದರೆ ಎಂಟು ಗಣಗಳೂ ಸರದಿಯಂತೆ ಸಿಗುತ್ತವೆ. ಇದನ್ನು ಹೇಳಿದಾಗ ನಾವು ರಥಬೀದಿಯ ತಿರುವಿನಲ್ಲಿದ್ದೆವು. ಎಂಟು ಮಠಗಳೂ ಈ ಬೀದಿಯ ಸುತ್ತಲೇ ಇವೆ. ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು.

ಕಂಪ್ಯೂಟರಿನ ಒಳಗೂ ಇದೇ ಲಘು ಗುರುಗಳ ಕೆಲಸ, ಅಲ್ಲಿ ಅವುಗಳ ಹೆಸರು ಸೊನ್ನೆ ಮತ್ತು ಒಂದು. ಒಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎನ್ನುತ್ತಾರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. 1964ರಲ್ಲಿ ಐಬಿಎಂ ಕಂಪನಿಯ ಸಿಸ್ಟಮ್ 360 ಬಂದ ಮೇಲೆ ಎಂಟರ ಈ ಕಟ್ಟು ಗಟ್ಟಿಯಾಯಿತು. ಎಂಟು ಬಿಟ್‌ಗಳಿಂದ 256 ಬೇರೆ ಬೇರೆ ಗುರುತು ಮಾಡಬಹುದು. ಇಂಗ್ಲಿಷಿಗೆ ಅದು ಧಾರಾಳ. ಜಗತ್ತಿನ ಎಲ್ಲ ಲಿಪಿಗಳಿಗೆ ಸಾಲದು. ಈಗ ನೀವು ಓದುತ್ತಿರುವ ಯುನಿಕೋಡ್ ಕನ್ನಡದಲ್ಲಿ, ಯುಟಿಎಫ್ 8 ಎನ್ನುವ ಕ್ರಮದಂತೆ, ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು. 8 ಎಂದು ಬರೆದರೆ ಒಂದು ಬೈಟ್. ೮ ಎಂದು ಬರೆದರೆ ಮೂರು. ಎಂಟು ಎಂದು ಬರೆದರೆ ಎ, ಸೊನ್ನೆ, ಟ, ಉಕಾರದ ಕೊಂಬು, ಹೀಗೆ ನಾಲ್ಕು ಚಿಹ್ನೆ, ಹನ್ನೆರಡು ಬೈಟ್.

ಹೆಸರಿನ ಮಾತು ಬಂತು. ಕನ್ನಡದಲ್ಲಿ ಎಂಟು, ತುಳುವಿನಲ್ಲಿ ಎಣ್ಮ, ಮಲಯಾಳಂ ಮತ್ತು ತಮಿಳಿನಲ್ಲಿ ಎಟ್ಟು. ಎಲ್ಲದರ ಒಳಗೂ ಎಣ್ ಎನ್ನುವ ಹಳೆಯ ದ್ರಾವಿಡ ಬೇರು ಇದೆ. ಎಣ್ ಜೊತೆ ಪತ್ತು ಸೇರಿ ಎಂಬತ್ತು ಆಗಿದೆ. ಧೈರ್ಯವಂತನನ್ನು ಎಂಟೆದೆಯ ಬಂಟ ಎನ್ನುತ್ತೇವೆ. ಎಂಟು ದಿಕ್ಕಿನಿಂದ ಬಂದರೂ ಎದುರಿಸುವ ಎದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಶಾಲೆಯ ಲೆಕ್ಕಕ್ಕೂ ಸ್ವಲ್ಪ ಬರಬೇಕು. ಎಂಟರ ಮಗ್ಗಿ ಹೇಳಿ, ಉತ್ತರದ ಅಂಕೆಗಳನ್ನು ಕೂಡಿಸುತ್ತಾ ಹೋಗಿ. 8. ಆಮೇಲೆ 16, ಒಂದು ಮತ್ತು ಆರು ಏಳು. 24, ಆರು. 32, ಐದು. 40, ನಾಲ್ಕು. 48ಕ್ಕೆ ಹನ್ನೆರಡು, ಅದನ್ನು ಮತ್ತೆ ಕೂಡಿಸಿದರೆ ಮೂರು. 56ಕ್ಕೆ ಎರಡು, 64ಕ್ಕೆ ಒಂದು. ಮೆಟ್ಟಿಲು ಇಳಿದ ಹಾಗೆ. ಇದರಲ್ಲಿ ಮಾಯೆ ಇಲ್ಲ. ಎಂಟು ಕೂಡಿಸುವುದು ಎಂದರೆ ಹತ್ತು ಕೂಡಿಸಿ ಎರಡು ಕಳೆಯುವುದು. ಹತ್ತರ ಸ್ಥಾನ ಒಂದು ಏರುತ್ತದೆ, ಬಿಡಿ ಸ್ಥಾನ ಎರಡು ಇಳಿಯುತ್ತದೆ, ಮೊತ್ತ ಒಂದು ಕಡಿಮೆಯಾಗುತ್ತದೆ.

ಒಂದು ದೊಡ್ಡ ಸಂಖ್ಯೆ ಎಂಟರಿಂದ ಭಾಗವಾಗುತ್ತದೋ ಎಂದು ನೋಡಲು ಕೊನೆಯ ಮೂರು ಅಂಕೆ ಸಾಕು. ಸಾವಿರ ಎಂದರೆ ಎಂಟು ಸಲ 125, ಹಾಗಾಗಿ ಸಾವಿರಗಳೆಲ್ಲ ತಾವೇ ಭಾಗವಾಗಿಬಿಡುತ್ತವೆ. ನಮ್ಮ ಪಿನ್ ಕೋಡ್‌ಗಳನ್ನೇ ತೆಗೆದುಕೊಳ್ಳಿ. ಮಂಗಳೂರಿನ 575001, ಕೊನೆಗೆ 001, ಶೇಷ ಒಂದು. ಉಡುಪಿಯ 576101, ಕೊನೆಗೆ 101, ಶೇಷ ಐದು. ಮಣಿಪಾಲದ 576104, ಕೊನೆಗೆ 104, ಅದು ಎಂಟು ಸಲ ಹದಿಮೂರು. ಮಣಿಪಾಲ ಎಂಟರಿಂದ ಪೂರ್ತಿ ಭಾಗವಾಗುತ್ತದೆ!

ರಂಗೋಲಿ ಹಾಕುವವರಿಗೆ ಒಂದು ಆಟ ಹೇಳುತ್ತೇನೆ. ಐದು ಸಾಲು, ಸಾಲಿಗೆ ಐದು ಚುಕ್ಕಿ ಇಡಿ. ನಡುವಿನ ಒಂದು ಚುಕ್ಕಿ ಬಿಟ್ಟುಬಿಡಿ. ಉಳಿದದ್ದು 24, ಎಂಟು ಸಮಪಾಲು, ಪಾಲಿಗೆ ಮೂರು ಚುಕ್ಕಿ, ಒಂದರ ಪಕ್ಕ ಎರಡು ಇಟ್ಟ ಮೆಟ್ಟಿಲಿನ ಆಕಾರದಲ್ಲಿ. ಏಳು ಸಾಲು ಏಳು ಚುಕ್ಕಿ ಇಟ್ಟರೆ ನಡು ಬಿಟ್ಟು 48, ಪಾಲಿಗೆ ಆರು, ಒಂದು ಎರಡು ಮೂರರ ಮೆಟ್ಟಿಲು. ಬೆಸ ಸಂಖ್ಯೆಯ ಸಾಲು ಎಷ್ಟೇ ಇರಲಿ, ನಡುವಿನದನ್ನು ಬಿಟ್ಟರೆ ಉಳಿದದ್ದು ಯಾವಾಗಲೂ ಎಂಟಾಗಿ ಒಡೆಯುತ್ತದೆ. ಮೂರು ಸಾಲಿನದಂತೂ ನಮಗೆ ಗೊತ್ತಿರುವ ಚಿತ್ರವೇ. ನಡುವೆ ಒಂದು, ಸುತ್ತ ಎಂಟು. ಇಂದ್ರ, ಅಗ್ನಿ, ಯಮ, ನಿರೃತಿ, ವರುಣ, ವಾಯು, ಕುಬೇರ, ಈಶಾನ. ಅಷ್ಟದಿಕ್ಪಾಲಕರು.

ಮೂರರ ವರ್ಗ ಒಂಬತ್ತು, ಎರಡರ ಘನ ಎಂಟು. ಘನ, ವರ್ಗ ಮುಂತಾದ ಘಾತಗಳಲ್ಲಿ ಒಂದರ ಪಕ್ಕ ಒಂದು ಹೀಗೆ ಕೂತಿರುವುದು ಈ 8 ಮತ್ತು 9 ಮಾತ್ರ. 1844ರಲ್ಲಿ ಕಾಟಲಾನ್ ಎನ್ನುವ ಗಣಿತಜ್ಞ ಇದನ್ನು ಊಹಿಸಿದರು. ಪ್ರೇಡಾ ಮಿಹೈಲೆಸ್ಕು 2002ರಲ್ಲಿ ಸಾಧಿಸಿ ತೋರಿಸಿದರು. ನಡುವೆ 158 ವರ್ಷ ಹೋಯಿತು.

ಎಂಟರ ಶೇಷದ ಲೆಕ್ಕ ನಮ್ಮ ಕರಾವಳಿಯಲ್ಲಿ ಇನ್ನೊಂದು ಕಡೆ ನಡೆಯುತ್ತದೆ, ಜ್ಯೋತಿಷ್ಯದವರು ಕವಡೆ ಎಣಿಸಿ ಫಲ ಹೇಳುವ ಅಷ್ಟಮಂಗಲ ಪ್ರಶ್ನೆಯಲ್ಲಿ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮುಂಚೆ ಪ್ರಶ್ನೆ ಇಡುವುದನ್ನು ನೀವೂ ನೋಡಿರಬಹುದು. 108 ಕವಡೆಗಳನ್ನು ಮೂರು ಪಾಲು ಮಾಡುತ್ತಾರೆ. ಪ್ರತಿ ಪಾಲಿನಿಂದ ಎಂಟೆಂಟು ಕವಡೆ ತೆಗೆಯುತ್ತಾ ಹೋಗುತ್ತಾರೆ. ಕೊನೆಗೆ ಉಳಿದದ್ದು ಆ ಪಾಲಿನ ಅಂಕೆ. ಏನೂ ಉಳಿಯದಿದ್ದರೆ ಎಂಟು ಎಂದು ಲೆಕ್ಕ. ಹೀಗೆ ಮೂರು ಅಂಕೆ ಸಿಗುತ್ತವೆ.

ಪಾಲುಗಳು 35, 40, 33 ಆದವು ಎನ್ನಿ. ಅಂಕೆಗಳು 3, 8, 1. ಮೊತ್ತ 12. ಬೇರೆ ಯಾವ ರೀತಿ ಪಾಲು ಮಾಡಿದರೂ ಮೊತ್ತ 4, 12 ಅಥವಾ 20, ಈ ಮೂರರಲ್ಲೊಂದೇ ಬರುತ್ತದೆ. ಕಾರಣ ಇಷ್ಟೆ. 108ನ್ನು ಎಂಟರಿಂದ ಭಾಗಿಸಿದರೆ ಶೇಷ 4. ಕವಡೆಗಳನ್ನು ಎಷ್ಟು ಪಾಲು ಮಾಡಿದರೂ ಒಟ್ಟಿನಲ್ಲಿ ಆ ನಾಲ್ಕು ಉಳಿಯಲೇಬೇಕು. ಹಾಗಾಗಿ ಮೊದಲ ಎರಡು ಅಂಕೆ ಗೊತ್ತಾದರೆ ಮೂರನೆಯದು ತಾನಾಗಿ ಗೊತ್ತಾಗುತ್ತದೆ. 5 ಮತ್ತು 2 ಬಂದರೆ ಮೂರನೆಯದು 5. ಎಣಿಸುವಾಗ ಕೈತಪ್ಪಿದರೆ, ಒಂದು ಕವಡೆ ಚಾಪೆಯ ಕೆಳಗೆ ಹೋದರೆ, ಈ ಮೊತ್ತವೇ ಹೇಳಿಬಿಡುತ್ತದೆ. ಫಲದ ಮೇಲೆ ನಂಬಿಕೆ ಇರುವವರೂ ಇಲ್ಲದವರೂ ಈ ಲೆಕ್ಕದ ಚಂದವನ್ನು ಒಪ್ಪಬಹುದು.

ಎಂಟೆಂದರೆ ಹೆದರುವವರೂ ಇದ್ದಾರೆ. ಎಂಟು ಶನಿಯ ಅಂಕೆ ಎಂದು ಸಂಖ್ಯಾಶಾಸ್ತ್ರದವರು ಹೇಳುತ್ತಾರೆ. 8, 17, 26ರಂದು ಹುಟ್ಟಿದ ಮಕ್ಕಳ ಬಗ್ಗೆ ಮನೆಯಲ್ಲಿ ಚಿಂತೆ, ಗಾಡಿಯ ನಂಬರ್ ಕೂಡಿಸಿ ಎಂಟು ಬಂದರೆ ಬೇಡ. ನನಗೆ ಇದು ಬೇಸರ ತರುತ್ತದೆ. ವಾರದ ಲೆಕ್ಕದಲ್ಲಿ ಶನಿ ಏಳನೆಯವನು, ಎಂಟನೆಯವನಲ್ಲ. ಚೀನಾದಲ್ಲಿ ಇದೇ ಎಂಟು ಭಾಗ್ಯದ ಅಂಕೆ. ಬೀಜಿಂಗ್ ಒಲಿಂಪಿಕ್ಸ್ ಅನ್ನು 2008ರ ಎಂಟನೇ ತಿಂಗಳ ಎಂಟನೇ ತಾರೀಕು, ರಾತ್ರಿ 8 ಗಂಟೆಗೆ ಶುರುಮಾಡಿದರು. ಮಗುವಿಗೆ ಹುಟ್ಟಿದ ತಾರೀಕಿನ ಹೆದರಿಕೆ ಹಚ್ಚಬೇಡಿ. ಅಷ್ಟಮಿಯ ಮಗುವನ್ನು ತೊಟ್ಟಿಲಲ್ಲಿ ತೂಗುವ ಊರು ನಮ್ಮದು.

ಸುತ್ತು ಮುಗಿಯುವ ಹೊತ್ತಿಗೆ ಹುಡುಗಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. “ಚಿಕ್ಕಮ್ಮ, ಮೊದಲಿನ ಹಾಗೆ ಎರಡು ತಿಂಗಳ ಪರ್ಯಾಯವೇ ಇದ್ದಿದ್ದರೆ ಅಷ್ಟಮಿ ಯಾರಿಗೆ ಸಿಗುತ್ತಿತ್ತು?”

ಮನೆಗೆ ಬಂದು ಇಬ್ಬರೂ ಕಾಗದ ಹಿಡಿದು ಕೂತೆವು. ವರ್ಷಕ್ಕೆ ಎರಡು ತಿಂಗಳಿನ ಆರು ಮನೆ. ಮಠಗಳಿಗೆ ಒಂದರಿಂದ ಎಂಟು. ಮೊದಲ ವರ್ಷ ಆರು ಮನೆಗಳಲ್ಲಿ 1, 2, 3, 4, 5, 6. ಎರಡನೇ ವರ್ಷ 7, 8, 1, 2, 3, 4. ಮೂರನೇ ವರ್ಷ 5, 6, 7, 8, 1, 2. ನಾಲ್ಕನೇ ವರ್ಷ 3, 4, 5, 6, 7, 8. ಐದನೇ ವರ್ಷ ಮತ್ತೆ ಒಂದರಿಂದ. ಅಷ್ಟಮಿ ನಾಲ್ಕನೇ ಮನೆಯಲ್ಲಿ ಬರುತ್ತದೆ ಎಂದು ಇಟ್ಟುಕೊಂಡೆವು. ನಾಲ್ಕನೇ ಮನೆಯನ್ನು ಮಾತ್ರ ಮೇಲಿನಿಂದ ಕೆಳಗೆ ಓದಿದಳು. 4, 2, 8, 6. ಮತ್ತೆ 4, 2, 8, 6.

“ಒಂದು, ಮೂರು, ಐದು, ಏಳಕ್ಕೆ ಸಿಗುವುದೇ ಇಲ್ಲ!”

ಹೌದು. ಎಂಟೂ ಸಮ, ಆರೂ ಸಮ. ಸಮ ಮಠಗಳು ಸಮ ಮನೆಗಳಲ್ಲೇ, ಬೆಸ ಮಠಗಳು ಬೆಸ ಮನೆಗಳಲ್ಲೇ ಸುತ್ತುತ್ತವೆ, ಒಂದರ ದಾರಿಗೆ ಇನ್ನೊಂದು ಬರುವುದಿಲ್ಲ. ಮಠಗಳು ಏಳಿದ್ದಿದ್ದರೆ ಈ ತೊಡಕು ಇರುತ್ತಿರಲಿಲ್ಲ, ಏಳು ಮತ್ತು ಆರಕ್ಕೆ ಸಾಮಾನ್ಯ ಭಾಜಕ ಒಂದು ಮಾತ್ರ. ಇದು ಹನ್ನೆರಡು ತಿಂಗಳ ನೇರ ಲೆಕ್ಕ, ಅಧಿಕ ಮಾಸ ಬಂದರೆ ಸಾಲು ಜರುಗುತ್ತದೆ. ವಾದಿರಾಜರು ಅವಧಿ ಬದಲಿಸಿದ್ದು ಇದಕ್ಕಾಗಿ ಎಂದು ನಾನು ಹೇಳುತ್ತಿಲ್ಲ. ಎರಡು ತಿಂಗಳ ಸರದಿಯಿದ್ದರೆ ಸ್ವಾಮಿಗಳಿಗೆ ದೂರದ ಸಂಚಾರಕ್ಕೆ, ಪಾಠ ಪ್ರವಚನಕ್ಕೆ ಬಿಡುವು ಸಿಗುತ್ತಿರಲಿಲ್ಲ ಎನ್ನುವುದು ರೂಢಿಯಲ್ಲಿರುವ ಕಾರಣ. ಈಗ ಎರಡು ವರ್ಷ ಪೂಜೆ, ಹದಿನಾಲ್ಕು ವರ್ಷ ಬಿಡುವು.

ಹುಡುಗಿ ಕಾಗದದ ಕೆಳಗೆ ಇನ್ನೊಂದು ಸಾಲು ಎಳೆದು ಎಂಟೂ ಮಠಗಳ ಹೆಸರು ಬರೆದಳು. ಪ್ರತಿ ಹೆಸರಿನ ಮುಂದೆ 2 ಎಂದು ಹಾಕಿದಳು. ಒಂದು ಸುತ್ತಿಗೆ ಹದಿನಾರು ಅಷ್ಟಮಿ, ಎಲ್ಲರಿಗೂ ಎರಡೆರಡು.